ಹದಿನಾಲ್ಕನೇ ಸಾಲು

ಮೈದಾ ಅಂಟು ಒಣಗಿದ ಮೇಲೆ ಕಾಗದವನ್ನು ಹರಿಯದೆ ಗೋಡೆಯಿಂದ ಬಿಡಿಸುವುದು ಕಷ್ಟ. ಇಂಪನಾ ಕರ್ಚೀಫನ್ನು ಬಾಟಲಿಯ ನೀರಿನಲ್ಲಿ ನೆನೆಸಿ, ಕರಪತ್ರದ ಮೇಲಂಚಿಗೆ ಒತ್ತಿ ಹಿಡಿದು, ನೂರರವರೆಗೆ ಎಣಿಸಿದಳು. ಎಣಿಸುತ್ತಲೇ ಬೀದಿಯ ಎರಡೂ ಕಡೆ ನೋಡಿದಳು.

ಎಡಕ್ಕೆ, ಹೋದ ವರ್ಷದವರೆಗೂ ಪಡಿತರ ಅಂಗಡಿಯಾಗಿದ್ದ ಕಟ್ಟಡದಲ್ಲಿ ಗಾಜಿನ ಬಾಗಿಲಿನ ಕಾಫಿ ಶಾಪು. ಬಲಕ್ಕೆ, ಹಳೆಯ ಫೌಂಡ್ರಿ ನಿಂತಿದ್ದ ಜಾಗದಲ್ಲಿ ಎಂಟು ಅಂತಸ್ತಿನ ಅಪಾರ್ಟ್‌ಮೆಂಟು. ಎರಡರ ನಡುವೆ, ಫೌಂಡ್ರಿಯಲ್ಲಿ ಎರಕದ ಅಚ್ಚು ಮಾಡುತ್ತಿದ್ದ ಮೋಲ್ಡರ್‌ಗಳ ಹಂಚಿನ ಮಾಡಿನ ಮೂವತ್ತೊಂದು ಮನೆಗಳು. ಭದ್ರಾವತಿಯವರು ಇದನ್ನು ಈಗಲೂ ಮೋಲ್ಡರ್ ಲೈನ್ ಎನ್ನುತ್ತಾರೆ. ಫೋನಿನ ನಕ್ಷೆಯಲ್ಲಿ ಮಾತ್ರ ಈ ಬೀದಿಗೆ ರಿವರ್ ವ್ಯೂ ರೋಡ್ ಎಂಬ ಹೆಸರು ಬಂದಿದೆ.

"ಅದನ್ನ ಕಿತ್ತು ಏನ್ ಮಾಡ್ತೀರಾ ಮೇಡಂ?"

ಕಾಫಿ ಶಾಪಿನ ಮ್ಯಾನೇಜರ್ ಪುನೀತ್ ಬಾಗಿಲಲ್ಲಿ ನಿಂತಿದ್ದ.

"ಓದೋಕೆ," ಎಂದಳು ಇಂಪನಾ.

"ಗೋಡೆ ಮೇಲಿದ್ರೂ ಓದಬಹುದು. ನಾವು ದಿನಾ ಬೆಳಿಗ್ಗೆ ಕೀಳ್ತಿದ್ವಿ, ಅವರು ಮತ್ತೆ ಅಂಟಿಸ್ತಿದ್ರು. ಈಗ ಬಿಟ್ಟಿದೀವಿ. ವಾಕಿಂಗ್ ಬರೋರು ಫೋಟೋ ತೆಗೆದು ಹಾಕ್ತಾರೆ, ಹಿಂದೆ ನಮ್ಮ ಬೋರ್ಡೂ ಬರುತ್ತೆ."

"ಅಂಟಿಸೋರನ್ನ ನೋಡಿದೀರಾ?"

"ಯಾರೂ ನೋಡಿಲ್ಲ. ಕೆಲವರು ಶಂಕರಘಟ್ಟದ ಯೂನಿವರ್ಸಿಟಿ ಸ್ಟೂಡೆಂಟ್ಸ್ ಅಂತಾರೆ, ಕೆಲವರು ಹಳೇ ಯೂನಿಯನ್ನೋರು ಅಂತಾರೆ. ಅಪಾರ್ಟ್‌ಮೆಂಟ್‌ನೋರ ಪ್ರಕಾರ ಬೆಂಗಳೂರಿಂದ ಬಂದೋರಂತೆ. ಭದ್ರಾವತಿಯೋರಿಗೆ ಇಷ್ಟು ಚೆನ್ನಾಗಿ ಬರಿಯೋಕೆ ಬರಲ್ಲ ಅಂತ ಅವರ ನಂಬಿಕೆ."

ಕಾಗದ ಬಿಟ್ಟುಬಂತು. ಇಂಪನಾ ಅದನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟಳು.

ಮೋಲ್ಡರ್ ಲೈನ್ ಉಳಿಸಿ ಸಮಿತಿಯ ಅಧ್ಯಕ್ಷ ಭೂತಪ್ಪ ಕಾಣೆಯಾಗಿ ಅಂದಿಗೆ ಐದನೇ ದಿನ, ಶುಕ್ರವಾರ. ಅವರು ಮನೆ ಬಿಟ್ಟ ಮಾರನೇ ದಿನವೇ ಮೂವತ್ತೊಂದು ಮನೆಯವರ ಸಹಿ ಇರುವ ಒಪ್ಪಿಗೆ ಪತ್ರವೊಂದು ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿಗೆ ಸಲ್ಲಿಕೆಯಾಗಿತ್ತು. ಮನೆಗಳನ್ನು ಬಿಲ್ಡರ್ ಕಾಂತರಾಜ್ ಅವರಿಗೆ ಬಿಟ್ಟುಕೊಡಲು ತಮ್ಮ ತಕರಾರಿಲ್ಲ ಎಂದು ಅದರಲ್ಲಿ ಬರೆದಿತ್ತು. ಎಲ್ಲ ಸಹಿಗಳ ಕೆಳಗೆ, ಇವು ನಿಜವೆಂದು ದೃಢೀಕರಿಸಿದ ಅಧ್ಯಕ್ಷರ ಸಹಿ.

ಫೌಂಡ್ರಿ ಮನೆಗಳನ್ನು ಕೊಟ್ಟಾಗಿನ ಹಳೆಯ ಕರಾರಿನ ಪ್ರಕಾರ ಮೂವತ್ತೊಂದು ಮನೆಯವರೂ ಒಪ್ಪಬೇಕು. ಒಬ್ಬರು ಬಿಟ್ಟರೂ ಜಾಗ ಕೈ ಬದಲಾಗುವುದಿಲ್ಲ. ಲೈನಿನಲ್ಲಿ ಯಾರನ್ನು ಕೇಳಿದರೂ, ನಾನು ಸಹಿ ಹಾಕಿಲ್ಲ ಎನ್ನುತ್ತಿದ್ದರು. ಆದರೆ ಅಧ್ಯಕ್ಷರೇ ದೃಢೀಕರಿಸಿದ ಮೇಲೆ ಕಚೇರಿ ಅವರ ಮಾತು ನಂಬುವುದಿಲ್ಲ, ಆ ಪತ್ರದ ವಿಚಾರಣೆ ಸೋಮವಾರ. ಅಷ್ಟರೊಳಗೆ ಭೂತಪ್ಪ ಬಂದು, ಕೆಳಗಿರುವುದು ತನ್ನ ಸಹಿಯಲ್ಲ ಎಂದು ಹೇಳದಿದ್ದರೆ ಮನೆಗಳು ಹೋದಂತೆಯೇ.

ಮನೆ ಬಿಡುವ ಬೆಳಿಗ್ಗೆ ಅವರ ಚೀಲದಲ್ಲಿ ಇಂಥದೇ ಕರಪತ್ರಗಳ ಸುರುಳಿ ಇತ್ತೆಂದು ಅವರ ಹೆಂಡತಿ ಹೇಳಿದ್ದರು. ಕರಪತ್ರದ ಗುಂಪು ಸಿಕ್ಕರೆ ಭೂತಪ್ಪ ಸಿಗಬಹುದು. ಇಂಪನಾ ಹಿಡಿದಿದ್ದ ದಾರಿ ಅದೊಂದೇ.

ಶಿವಮೊಗ್ಗದ ವಕೀಲರಿಗೆ ವಿಳಾಸ, ದಾಖಲೆ, ಸಾಕ್ಷಿಗಳನ್ನು ಹುಡುಕಿಕೊಡುವುದು ಹನ್ನೊಂದು ವರ್ಷಗಳಿಂದ ಅವಳ ಕೆಲಸ. ಓಡಿಹೋದ ಗಂಡಂದಿರನ್ನು ಹುಡುಕಿದ್ದಳು, ಮನೆ ಬದಲಿಸಿದ ಜಾಮೀನುದಾರರನ್ನು ಹುಡುಕಿದ್ದಳು. ಅವರೆಲ್ಲ ಬಚ್ಚಿಟ್ಟುಕೊಂಡವರು. ಹೋರಾಟದ ಗುಂಪಿನ ಕಷ್ಟ ಬೇರೆ. ಅದು ಎಲ್ಲರಿಗೂ ಕೇಳಿಸಬೇಕು, ಯಾರಿಗೂ ಕಾಣಿಸಬಾರದು.

ಯೂನಿಯನ್ ಕಚೇರಿಯಿದ್ದ ಮಾಳಿಗೆ ಈಗ ಜಿಮ್ ಆಗಿತ್ತು. ಸಮಿತಿಯ ಬೋರ್ಡು ಮಾರಿಗುಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ವಾಚನಾಲಯದ ಮುದುಕರು, "ಹೋರಾಟನಾ? ನಾವು ಸುಸ್ತಾಗಿ ಪೇಪರ್ ಓದ್ತಾ ಇದೀವಿ," ಎಂದಿದ್ದರು.

ಕರಪತ್ರದಲ್ಲಿ ನಾಲ್ಕೇ ಸಾಲು. *ಮೂವತ್ತೊಂದು ಮನೆ. ಒಂದೂ ಮಾರಾಟಕ್ಕಿಲ್ಲ. ಸಹಿ ಕೇಳಲು ಬಂದವರಿಗೆ ಕುರ್ಚಿ ಕೊಡಿ, ನೀರು ಕೊಡಿ. ಸಹಿ ಕೊಡಬೇಡಿ.* ಕೆಳಗೆ: ಲೈನಿನ ಜನ.

ಅವಳು ಅದನ್ನು ಮಗುಚಿದಳು. ಹಿಂಬದಿ ಖಾಲಿ ಇರಲಿಲ್ಲ.

*

ಹದಿನಾಲ್ಕನೇ ನಂಬರಿನ ಮನೆಯ ಜಗಲಿಯಲ್ಲಿ ಚೌಡಮ್ಮ ಮೊರ ಹಿಡಿದು ಕೂತಿದ್ದರು. ಭೂತಪ್ಪನವರ ಹೆಂಡತಿ. ಅರವತ್ತು ದಾಟಿದ ಗಟ್ಟಿ ಹೆಂಗಸು. ಇಂಪನಾಳನ್ನು ಈ ಕೆಲಸಕ್ಕೆ ಕರೆದವರು ಅವರೇ.

"ಬಾ ಮಾರಾಯ್ತಿ. ಬೀದಿಯ ಮೂಲೆ ಮೂಲೆ ಆಮೇಲೆ ನೋಡುವಂತೆ, ಮೊದಲು ಕೂತ್ಕೋ."

ಇಂಪನಾ ಬೀದಿಗೆ ಮುಖ ಮಾಡಿ ಕೂತಳು.

"ನಿನ್ನೆ ನಲ್ಲಿ ಹತ್ರ ನನ್ನ ಕೊಡನ ಪಕ್ಕಕ್ಕೆ ಸರಿಸಿದ್ರು," ಎಂದರು ಚೌಡಮ್ಮ. "ನಲವತ್ತು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ. ನನ್ನ ಗಂಡ ಲೈನ್ ಮಾರಿದ ಅಂತ ಬಾಯಿಬಿಟ್ಟು ಯಾರೂ ಅನ್ನಲ್ಲ. ಅಂದಿದ್ರೆ ವಾಸಿ ಇತ್ತು, ನಾನೂ ತಿರುಗಿ ಬೈತಿದ್ದೆ."

"ಒಪ್ಪಿಗೆ ಪತ್ರದ ನಕಲು ಇವತ್ತು ಬೆಳಿಗ್ಗೆ ಸಿಕ್ತು. ಲೈನಿನವರು ಯಾರಾದ್ರೂ ಇದನ್ನ ನೋಡಿದಾರಾ?"

"ಯಾರು ತೋರಿಸಿದಾರೆ ನಮಗೆ? ಕೊಟ್ಟಿದಾರಂತೆ ಅಂತ ಕೇಳಿದ್ದಷ್ಟೇ."

ಇಂಪನಾ ಹಾಳೆಗಳನ್ನು ಚಾಚಿದಳು. ಚೌಡಮ್ಮ ಅವನ್ನು ತೆಗೆದುಕೊಳ್ಳಲಿಲ್ಲ.

"ನನ್ನ ಕನ್ನಡಕ ರಿಪೇರಿಗೆ ಕೊಟ್ಟಿದೀನಿ."

"ನಿಮ್ಮ ಸಹಿಯೂ ಇದೆ."

"ಇರುತ್ತಲ್ಲ. ಅಷ್ಟು ಜನದ್ದು ಹಾಕ್ಕೊಂಡೋರು ನಂದೊಂದು ಬಿಡ್ತಾರಾ?"

ಮಾತು ಸರಿಯಾಗಿಯೇ ಇತ್ತು. ಮಾತಾಡುವಾಗಲೂ ಚೌಡಮ್ಮನ ಬೆರಳುಗಳು ಅಕ್ಕಿಯೊಳಗಿನ ಸಣ್ಣ ಸಣ್ಣ ಕಲ್ಲುಗಳನ್ನು ಆರಿಸಿ ಜಗಲಿಯಾಚೆ ಎಸೆಯುತ್ತಿದ್ದವು. ಇಂಪನಾ ಆ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡಳು.

"ಅವರು ಸಿಕ್ಕ ಕೂಡ್ಲೇ ಮೊದಲು ನಂಗೆ ಫೋನ್ ಮಾಡು," ಎಂದರು ಚೌಡಮ್ಮ. "ಸ್ಟೇಷನ್ನಿಗೆ ಬೇಡ, ವಕೀಲರಿಗೆ ಬೇಡ. ನಂಗೆ."

"ಯಾಕೆ?"

"ನಾನು ಹೆಂಡ್ತಿ ಅಲ್ವಾ. ಬೈಯೋ ಹಕ್ಕು ಮೊದಲು ನಂದು."

*

ಕರಪತ್ರದ ಹಿಂಬದಿ ಒಂದು ಜಾಬ್ ಕಾರ್ಡು. ಸಣ್ಣ ಕಾರ್ಖಾನೆಗಳಲ್ಲಿ ಒಂದೊಂದು ಕೆಲಸಕ್ಕೂ ಬರೆದು ಮೆಷಿನ್ನಿಗೆ ಸಿಕ್ಕಿಸುವ ಹಾಳೆ. ಯಾವ ಬಿಡಿಭಾಗ, ಎಷ್ಟು, ಯಾವತ್ತಿಗೆ ಬೇಕು. ಮೇಲಿನ ಕಂಪನಿಯ ಹೆಸರನ್ನು ಯಾರೋ ಎಚ್ಚರಿಕೆಯಿಂದ ಕತ್ತರಿಸಿದ್ದರು. ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದರು.

ಶಿವಮೊಗ್ಗದ ಕಡೆ ಹೊರಟ ಖಾಸಗಿ ಬಸ್ಸು ಹತ್ತಿ ಇಂಪನಾ ಮಾಚೇನಹಳ್ಳಿಯಲ್ಲಿ ಇಳಿದಳು. ಎರಡೂ ಊರುಗಳ ನಡುವೆ ಇಂಥ ಹಾಳೆ ಬಳಸುವ ಶೆಡ್ಡುಗಳು ಒಟ್ಟಾಗಿ ಇರುವುದು ಇಲ್ಲೇ. ಎಷ್ಟು ಶೆಡ್ಡುಗಳ ಬಾಗಿಲು ತಟ್ಟಬೇಕಾಗಬಹುದು ಎಂದು ಯೋಚಿಸುತ್ತ ರಸ್ತೆ ಬದಿಯ ಟೀ ಅಂಗಡಿಗೆ ಹೋದಳು.

ಅಂಗಡಿಯ ಸಿದ್ದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಕನ್ನಡದಲ್ಲಿ ಬರೆದಿದೆ. ಹಂಗಾದ್ರೆ ಭೀಮೇಶಂದು."

"ಅಷ್ಟು ಖಾತ್ರಿನಾ?"

"ಬೇರೆ ಶೆಡ್ಡಿನೋರು ಇಂಗ್ಲಿಷಲ್ಲಿ ತಪ್ಪು ತಪ್ಪಾಗಿ ಬರೀತಾರೆ. ಇವನು ಕನ್ನಡದಲ್ಲಿ ಸರಿಯಾಗಿ ಬರೀತಾನೆ. ಅದಕ್ಕೇ ಇವನ ಬಿಲ್ಲು ಪಾಸಾಗೋದು ಎಲ್ಲರಿಗಿಂತ ಲೇಟು." ಅವನು ಟೀ ಲೋಟ ಮುಂದಿಟ್ಟ. "ಎಡಗಡೆ ಮೂರನೇ ರೋಡು, ಕೊನೇ ಶೆಡ್ಡು. ಲೈನಿನ ಹುಡುಗ ಅವನು, ಭದ್ರಾವತಿಯೋನು."

ಐದು ದಿನ ಸಿಗದ ಗುಂಪು ಒಂದು ಟೀ ಮುಗಿಯುವಷ್ಟರಲ್ಲಿ ಸಿಕ್ಕಿತ್ತು. ಇಂಪನಾಳಿಗೆ ಇದು ಹಿತವೆನಿಸಲಿಲ್ಲ. ತನಗೆ ಇಷ್ಟು ಸಲೀಸಾಗಿ ಸಿಕ್ಕಿದ್ದು ಇನ್ನೊಬ್ಬರಿಗೂ ಸಿಗುತ್ತದೆ. ಬಸ್ಸಿನಿಂದ ತನ್ನ ಜೊತೆ ಇಳಿದವರು ಯಾರೂ ಹಿಂದೆ ಬರುತ್ತಿಲ್ಲ ಎಂದು ಎರಡು ಸಲ ನೋಡಿಕೊಂಡು ಮೂರನೇ ರಸ್ತೆಗೆ ತಿರುಗಿದಳು.

*

ಶೆಡ್ಡಿನಲ್ಲಿ ಒಂದೇ ಲೇತ್ ಮೆಷಿನ್ ಓಡುತ್ತಿತ್ತು. ಹಳೆಯದು. ಪ್ರತಿ ಸುತ್ತಿಗೂ ಕಟಕ್ ಎಂಬ ಒಂದು ಸದ್ದು. ಅದರ ಮುಂದೆ ನಿಂತಿದ್ದವನಿಗೆ ಮೂವತ್ತೈದು ಇರಬಹುದು. ಕೂದಲು ಆಗಲೇ ಅರ್ಧ ಬೆಳ್ಳಗಾಗಿತ್ತು.

"ಏನ್ ಮೇಡಂ, ಜಾಬ್ ತಂದಿದೀರಾ?"

"ನಿಮ್ಮದೇ ಜಾಬು, ವಾಪಸ್ ತಂದಿದೀನಿ."

ಭೀಮೇಶ ಪ್ಲಾಸ್ಟಿಕ್ಕಿನೊಳಗಿನ ಹಾಳೆಯನ್ನು ಎರಡೂ ಕಡೆ ನೋಡಿದ. ಬೆದರಿದಂತೆ ಕಾಣಲಿಲ್ಲ. ನಾಚಿಕೆಯಾದಂತಿತ್ತು.

"ಗೋಡೆಗೆ ಅಂಟಿಸಿದ ಮೇಲೆ ಹಿಂದ್ಗಡೆ ಯಾರು ನೋಡ್ತಾರೆ ಅಂದ್ಕೊಂಡ್ವಿ. ಹೊಸ ಕಾಗದಕ್ಕೆ ಯಾಕೆ ಖರ್ಚು ಅಂತ. ಎಷ್ಟು ದಿನ ಹಿಡೀತು?"

"ಐದು."

"ನೀವೊಬ್ರೇ. ಕಾಂತರಾಜ್ ಹತ್ರ ಜನ ಇದಾರೆ. ಎರಡೇ ದಿನ ಸಾಕು." ಅವನು ಕೈ ಒರೆಸಿಕೊಂಡ. "ಯಾರ ಕಡೆಯಿಂದ ಬಂದ್ರಿ?"

"ಚೌಡಮ್ಮನವರ ಕಡೆಯಿಂದ. ನನ್ನ ಹೆಸರು ಇಂಪನಾ."

"ಅತ್ತೆ ಹೆಂಗಿದಾರೆ?" ಅವನ ದನಿ ಇಳಿಯಿತು. ಭೂತಪ್ಪನವರನ್ನು ಅವನು ಹುಟ್ಟಿದಾಗಿನಿಂದ ಮಾವ ಎಂದು ಕರೆಯುತ್ತಿದ್ದ. ಲೈನಿನಲ್ಲಿ ಅಂಥ ನಂಟುಗಳಿಗೆ ರಕ್ತಸಂಬಂಧ ಬೇಕಿರಲಿಲ್ಲ.

"ಲೇತ್ ನಿಲ್ಲಿಸ್ತೀರಾ? ಮಾತಾಡ್ಬೇಕು."

"ನಿಲ್ಸಲ್ಲ. ನಿಂತ್ರೆ ಪಕ್ಕದ ಶೆಡ್ಡಿನ ಷಣ್ಮುಖಪ್ಪ ಏನಾಯ್ತೋ ಅಂತ ಬಂದ್ಬಿಡ್ತಾನೆ. ಅವನಿಗೆ ಗೊತ್ತಾಯ್ತು ಅಂದ್ರೆ ಮೈಕಲ್ಲಿ ಹೇಳಿದ ಹಂಗೆ."

ಇಬ್ಬರೂ ಬೆಂಚಿನ ಹತ್ತಿರ ಹೋದರು. ತಾವು ಏಳು ಜನ ಎಂದು ಭೀಮೇಶ ಹೇಳಿದ. ಹೆಸರು ಕೇಳಬೇಡಿ ಎಂದ.

"ಕೇಳಲ್ಲ," ಎಂದಳು ಇಂಪನಾ. "ನನಗೆ ಗೊತ್ತಿಲ್ಲದ್ದನ್ನ ನನ್ನಿಂದ ಯಾರೂ ಹೊರಡಿಸೋಕೆ ಆಗಲ್ಲ. ಎಲ್ಲಿ ಸೇರ್ತೀರಾ ಅಷ್ಟು ಹೇಳಿ. ನಾನು ಹುಡುಕದೇ ಇದ್ದ ಜಾಗ ಇಲ್ಲ."

"ಬೀದಿಯಲ್ಲೇ. ಮಧ್ಯಾಹ್ನ ಎರಡು ಗಂಟೆಗೆ. ಫೌಂಡ್ರಿ ಇದ್ದಾಗ ಮೊದಲ ಶಿಫ್ಟು ಬಿಡೋ ಹೊತ್ತು ಅದು. ಆ ಹೊತ್ತಿಗೆ ಲೈನಲ್ಲಿ ನಾಲ್ಕು ಜನ ನಿಂತು ಮಾತಾಡೋದು ಈಗಲೂ ಇದೆ. ಯಾರೂ ತಿರುಗಿ ನೋಡಲ್ಲ."

ಇಂಪನಾ ಮೂರು ದಿನ ಆ ಹೊತ್ತಿಗೆ ಅದೇ ಬೀದಿಯಲ್ಲಿ ನಡೆದಿದ್ದಳು. ಅವರನ್ನು ನೋಡಿಯೂ ಇದ್ದಳು.

"ಭೂತಪ್ಪ ಎಲ್ಲಿ?"

"ಗೊತ್ತಿಲ್ಲ."

ಉತ್ತರ ತುಸು ಬೇಗ ಬಂತು. ಬೆಂಚಿನ ಮೇಲೆ ಟಿಫಿನ್ ಕ್ಯಾರಿಯರ್ ಇತ್ತು. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಎರಡು ತಟ್ಟೆ. ಶೆಡ್ಡಿನ ಹಿಂಭಾಗಕ್ಕೆ ಹಳೆಯ ಜಮಖಾನದ ಪರದೆ. ಇಂಪನಾ ಅದಾವುದರ ಮಾತೂ ಎತ್ತದೆ ಚೀಲದಿಂದ ಒಪ್ಪಿಗೆ ಪತ್ರದ ನಕಲನ್ನು ತೆಗೆದು ಬೆಂಚಿನ ಮೇಲಿಟ್ಟಳು.

"ಇದನ್ನ ಓದಿ. ನನಗೆ ಅರ್ಥವಾಗದ್ದು ಒಂದಿದೆ. ಪ್ರತಿ ಹೆಸರಿನ ಮುಂದೆ ಒಂದು ನಂಬರ್ ಇದೆಯಲ್ಲ, ಅದೇನು? ಮನೆ ನಂಬರ್ ಅಲ್ಲ."

"ಟೋಕನ್ ನಂಬರು." ಅವನು ಹಾಳೆಯ ಮೇಲೆ ಬಗ್ಗಿದ. "ಫೌಂಡ್ರಿ ಗೇಟಲ್ಲಿ ಒಬ್ಬೊಬ್ಬರಿಗೂ ಒಂದು ಹಿತ್ತಾಳೆ ಬಿಲ್ಲೆ ಇರ್ತಿತ್ತು. ಹೆಸರು ಹೇಳಿ ಆದ್ಮೇಲೆ ನಂಬರ್ ಹೇಳ್ಬೇಕು. ಫೌಂಡ್ರಿ ಹೋಯ್ತು, ಅಭ್ಯಾಸ ಹೋಗಲಿಲ್ಲ. ನಮ್ಮೋರು ಮದುವೆಗೆ ಮುಯ್ಯಿ ಓದಿಸೋವಾಗ್ಲೂ ನಂಬರ್ ಸೇರಿಸಿ ಬರೆಸ್ತಾರೆ. ಹೆಂಡ್ತಿ ಬರೆದ್ರೂ ಗಂಡನ ನಂಬರೇ, ಅವನು ಸತ್ತಿದ್ರೂ."

ಅವನು ಮಾತು ನಿಲ್ಲಿಸಿದ. ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು.

"ಬಂಗಾರಮ್ಮ. ಇದು ನಮ್ಮಮ್ಮ. ನಮ್ಮಪ್ಪ ಮೂರ್ತಪ್ಪನ ನಂಬರು ನಾನೂರ ಹನ್ನೆರಡು. ಇಲ್ಲಿ ನೂರ ಎಂಬತ್ತೆಂಟು ಅಂತಿದೆ."

"ಬೇರೆಯವು?"

ಬೆರಳು ಅಲ್ಲೊಂದು ಇಲ್ಲೊಂದು ಸಾಲಿಗೆ ಹಾರಿತು. "ಮುರುಗೇಶಪ್ಪ, ತಪ್ಪು. ಇದೂ ತಪ್ಪು. ಇವರದ್ದು ಇನ್ನೊಬ್ಬರಿಗೆ ಹಾಕಿದೆ." ಭೀಮೇಶ ನಕ್ಕ. "ಕಾಂತರಾಜ್ ಕಡೆಯೋರಿಗೆ ಎಲ್ಲಿ ಗೊತ್ತಿರುತ್ತೆ. ಬಾಯಿಗೆ ಬಂದಿದ್ದು ಬರೆದಿದಾರೆ."

"ಗೊತ್ತಿಲ್ಲದವನು ನಂಬರ್ ಯಾಕೆ ಬರೀತಾನೆ?" ಎಂದಳು ಇಂಪನಾ. "ಪತ್ರದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಯಾರೂ ಕೇಳಿಲ್ಲ."

ಭೀಮೇಶನ ನಗು ನಿಂತಿತು.

"ಹೆಸರಿನ ಮುಂದೆ ನಂಬರ್ ಬರೆಯೋದು ಲೈನಿನವರು ಮಾತ್ರ. ಬರೆದವರು ಲೈನಿನವರೇ," ಎಂದಳು. "ತಪ್ಪು ಬರೆದಿರೋದು ಗೊತ್ತಿಲ್ಲದೆ ಅಲ್ಲ. ಎಲ್ಲರ ನಂಬರೂ ಗೊತ್ತಿದ್ದು, ಒಂದೂ ಸರಿಯಾಗಿ ಬೀಳದ ಹಾಗೆ ಬರೆದಿದಾರೆ. ಅಷ್ಟೂ ನಂಬರ್ ಬಾಯಲ್ಲಿ ಇರೋದು ಯಾರಿಗೆ?"

ಲೇತ್ ಕಟಕ್ ಕಟಕ್ ಎನ್ನುತ್ತಿತ್ತು. ಭೀಮೇಶ ಹಾಳೆಯಿಂದ ಬೆರಳು ತೆಗೆದ. ಆಮೇಲೆ ತಲೆ ಎತ್ತದೆ ಪರದೆಯ ಕಡೆ ಕರೆದ.

"ಮಾವ. ಹೊರಗೆ ಬನ್ನಿ."

*

ಭೂತಪ್ಪ ಬನಿಯನ್, ಪಂಚೆಯಲ್ಲಿ ಹೊರಬಂದರು. ಸಣ್ಣ ಆಳು. ಎರಡೂ ಮುಂಗೈ ಮೇಲೆ ಕರಗಿದ ಕಬ್ಬಿಣ ಸಿಡಿದು ಆದ ಹಳೆಯ ಗಾಯಗಳ ಚುಕ್ಕೆಗಳು. ಐದು ದಿನದ ಗಡ್ಡ.

"ಕೇಳಿಸ್ಕೊಂಡೆ," ಎಂದರು. "ಈಯಮ್ಮ ಚುರುಕಿದ್ದಾರೆ."

"ಇದನ್ನ ಬರೆದಿದ್ದು ನೀವಾ?"

"ಹೂಂ."

ಭೀಮೇಶ ಹಿಂದೆ ಸರಿದು ಕಬ್ಬಿಣದ ಕಂಬಕ್ಕೆ ಒರಗಿದ. ಹೊಡೆಯದೆ ಇರಲು ಕೈಗಳನ್ನು ಬೆನ್ನಿನ ಹಿಂದೆ ಇಟ್ಟುಕೊಂಡಂತಿತ್ತು.

"ಕಾಂತರಾಜ್ ಮನೆಗೆ ಬಂದಿದ್ದ," ಎಂದರು ಭೂತಪ್ಪ. "ಅಧ್ಯಕ್ಷರು ನೀವು, ಎಲ್ಲರ ಒಪ್ಪಿಗೆ ಬರೆಸಿ ಕೊಡಿ ಅಂದ. ಆಗಲ್ಲ ಅಂದ್ರೆ ಇನ್ನೊಬ್ಬನ್ನ ಹಿಡೀತಾನೆ. ಆ ಇನ್ನೊಬ್ಬ ಸರಿಯಾಗಿ ಬರೆದು ಕೊಡ್ತಾನೆ. ಅದಕ್ಕೆ ನಾನೇ ತಪ್ಪು ಬರೆದು ಕೊಟ್ಟೆ."

"ತಪ್ಪು ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡ್ರಿ?"

"ಎಲ್ಲರಿಗೂ. ಎರಕದಲ್ಲಿ ಒಳಗೆ ಗುಳ್ಳೆ ಬಿಟ್ರೆ ಹೊರಗಿಂದ ಚೆಂದ ಕಾಣುತ್ತೆ, ಒಂದು ಪೆಟ್ಟು ಬಿದ್ರೆ ಒಡೆಯುತ್ತೆ. ಹಂಗೆ ಮಾಡಿದ್ದೆ. ಲೈನಿಗೆ ಬಂದ ಯಾವ ಕಾಗದ ಆಗ್ಲಿ ನಲ್ಲಿ ಕಟ್ಟೆ ಹತ್ರ ಗಟ್ಟಿಯಾಗಿ ಓದ್ತಾರೆ. ಹೆಸರು, ನಂಬರು. ಆ ಮನೆಯವರು ಹಾಜರ್ ಅನ್ಬೇಕು. ಇದನ್ನ ತಂದು ಓದಿದ್ರೆ ಮೊದಲನೇ ಹೆಸರಿಗೇ ಗಲಾಟೆ ಆಗ್ತಿತ್ತು."

"ಆಫೀಸಿನಲ್ಲಿ ಹಾಗೆ ಓದಲ್ಲ."

"ಓದಲ್ಲ ಅಂದ್ರೆ?"

"ಸೀಲ್ ಹಾಕಿ ಫೈಲಿಗೆ ಸೇರಿಸ್ತಾರೆ."

ಭೂತಪ್ಪ ಬೆಂಚಿನ ಮೇಲಿನ ಹಾಳೆಯ ಕಡೆ ನೋಡಿದರು.

"ಹಂಗಾದ್ರೆ ಅವರಿಗೆ ಯಾರು ಯಾರು ಅಂತ ಹೆಂಗೆ ಗೊತ್ತಾಗುತ್ತೆ?"

ಭೀಮೇಶ ಕಂಬ ಬಿಟ್ಟು ಎದುರಿಗೆ ಬಂದ.

"ಐದು ದಿನದಿಂದ ನಿಮಗೆ ಊಟ ತರ್ತಾ ಇದೀನಿ," ಎಂದ ಭೀಮೇಶ. "ಕಾಂತರಾಜ್ ಜನ ಹುಡುಕ್ತಾ ಇದಾರೆ, ಮುಚ್ಚಿಡು ಅಂದ್ರಿ. ನಿಮಗೆ ಹೆದರಿಕೆ ಇದ್ದಿದ್ದು ಅವರದ್ದಲ್ಲ. ನಮ್ಮದು."

"ಹೌದು ಕಣೋ."

"ನಮ್ಮಮ್ಮ ಮೂರು ದಿನದಿಂದ ಸಾಮಾನು ಕಟ್ಟಿ ಇಟ್ಟಿದಾಳೆ. ಗೊತ್ತಾ ನಿಮಗೆ?"

ಇಂಪನಾ ಮಧ್ಯೆ ಮಾತಾಡಿದಳು. ದನಿ ಏರಿಸಲಿಲ್ಲ.

"ಸೋಮವಾರ ನೀವು ವಿಚಾರಣೆಗೆ ಬಂದು ಇದನ್ನೇ ಹೇಳ್ಬೇಕು. ಹೇಳಿದ್ರೆ ಮನೆಗಳು ಉಳಿಯುತ್ತವೆ. ಆದ್ರೆ ಮೂವತ್ತೊಂದು ಜನರ ಸಹಿ ನಕಲು ಮಾಡಿದ ಕೇಸು ನಿಮ್ಮ ಮೇಲೆ ಬೀಳುತ್ತೆ. ಜೈಲಾಗಬಹುದು. ಅದನ್ನ ನಾನು ಮುಚ್ಚಿಟ್ಟು ಕರ್ಕೊಂಡು ಹೋಗಲ್ಲ."

"ಮೂವತ್ತು," ಎಂದರು ಭೂತಪ್ಪ.

"ಏನು?"

"ಮೂವತ್ತು ಜನದ್ದು. ಒಂದು ಸಾಲು ಖಾಲಿ ಬಿಟ್ಟಿದ್ದೆ. ನಮ್ಮನೇದು. ಮನೆ ಚೌಡಿ ಹೆಸರಲ್ಲಿದೆ. ಲೆಕ್ಕಕ್ಕೆ ಅದು ಎರಡನೇ ಗುಳ್ಳೆ. ನಂಬರ್ ಯಾರೂ ನೋಡದೇ ಹೋದ್ರೂ ಒಂದು ಸಹಿ ಕಮ್ಮಿ ಇದ್ರೆ ಕಾಗದ ನಿಲ್ಲಲ್ಲ ಅಂತ." ಅವರು ಗಡ್ಡ ಕೆರೆದುಕೊಂಡರು. "ಅಷ್ಟೇ ಅಲ್ಲ. ಅವಳ ಸಹಿ ನಾನು ಹಾಕೋಕೆ ಕೈ ಬರಲಿಲ್ಲ."

ಇಂಪನಾ ಹಾಳೆಯನ್ನು ಅವರ ಕಡೆ ತಿರುಗಿಸಿದಳು. ಹದಿನಾಲ್ಕನೇ ಸಾಲು ಖಾಲಿ ಇರಲಿಲ್ಲ.

ಭೂತಪ್ಪ ಪರದೆಯ ಹಿಂದಿನಿಂದ ತಮ್ಮ ಕನ್ನಡಕ ತಂದು ಹಾಕಿಕೊಂಡರು. ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು. ಆಮೇಲೆ ಎಣ್ಣೆ ಡಬ್ಬಿಯ ಮೇಲೆ ಕೂತರು.

"ನಂಬರ್ ಏನಿದೆ ಮಾವ?" ಎಂದ ಭೀಮೇಶ.

"ಇನ್ನೂರ ಅರವತ್ತೈದು."

"ಅದು ನಿಮ್ಮದು. ಸರಿಯಾಗಿದೆಯಲ್ಲ."

"ಇದೊಂದೇ ಸರಿ ಇರೋದು."

"ಸಹಿ ನಕಲು ಮಾಡಿರಬಹುದಾ?" ಎಂದಳು ಇಂಪನಾ.

"ಅವಳಿಗೆ ಅಕ್ಷರ ಕಲಿಸಿದೋನು ನಾನು. ಹೆಸರು ಬರೆದು ಮುಗಿಸಿ ಪಕ್ಕದಲ್ಲಿ ಒಂದು ಚುಕ್ಕೆ ಇಡ್ತಾಳೆ, ರಂಗೋಲಿ ಮುಗಿಸಿದ ಹಂಗೆ. ಎಷ್ಟು ಸಲ ಬೇಡ ಅಂದ್ರೂ ಬಿಟ್ಟಿಲ್ಲ." ಅವರು ಬೆರಳಿನಿಂದ ಚುಕ್ಕೆಯನ್ನು ಮುಟ್ಟಿದರು. "ನಾನು ಹೋದ ಮೇಲೆ ಹಾಕಿದಾಳೆ."

ಇಂಪನಾ ಮನಸ್ಸಿನಲ್ಲೇ ದಿನಗಳನ್ನು ಜೋಡಿಸಿದಳು. ಭೂತಪ್ಪ ಪತ್ರ ಕೊಟ್ಟು ಹೋಗಿದ್ದಾರೆ. ಒಂದು ಸಾಲು ಖಾಲಿ ಇರುವುದನ್ನು ಕಾಂತರಾಜ್ ನೋಡಿದ್ದಾರೆ. ಆ ಸಂಜೆಯೋ ಮರುದಿನ ಬೆಳಿಗ್ಗೆಯೋ ಹದಿನಾಲ್ಕನೇ ಮನೆಗೆ ಹೋಗಿದ್ದಾರೆ. ಬಿದ್ದುಹೋಗಬೇಕಿದ್ದ ಕಾಗದವನ್ನು ಪೂರ್ತಿ ಮಾಡಿದ್ದು ಆ ಒಂದು ಸಹಿ. ಅದನ್ನು ಹಾಕಿದ ಹೆಂಗಸೇ ತನ್ನನ್ನು ಕರೆಸಿ, ಗಂಡನನ್ನು ಹುಡುಕು, ಸಿಕ್ಕ ಕೂಡಲೇ ಮೊದಲು ನನಗೆ ಹೇಳು ಎಂದಿದ್ದಾಳೆ.

"ಯಾಕೆ ಹಾಕಿರಬಹುದು?"

"ಗೊತ್ತಿಲ್ಲಮ್ಮ," ಎಂದರು ಭೂತಪ್ಪ. "ನಿಜವಾಗ್ಲೂ ಗೊತ್ತಿಲ್ಲ."

ಇಂಪನಾಳ ಫೋನ್ ಬೆಂಚಿನ ಮೇಲೆ ಅದುರಿತು. ಪರದೆಯ ಮೇಲೆ ಹೆಸರು: ಚೌಡಮ್ಮ.

ಮೂವರೂ ಅದನ್ನೇ ನೋಡಿದರು. ಎತ್ತದೆ ಬಿಟ್ಟರೂ ಅದೊಂದು ಉತ್ತರವೇ ಆಗುತ್ತದೆ. ಇಂಪನಾ ಎತ್ತಿದಳು.

"ಸಿಕ್ಕಿದ್ರಾ?"

"ಇನ್ನೂ ಇಲ್ಲ ಚೌಡಮ್ಮ."

"ಎಲ್ಲಿದೀಯಾ?"

"ಶಿವಮೊಗ್ಗಕ್ಕೆ ಹೋಗ್ತಾ ಇದೀನಿ. ಬಸ್ಸಲ್ಲಿ."

ಆ ಕಡೆ ಎಲ್ಲೋ ಹಾರ್ನಿನ ಸದ್ದು.

"ಸುಳ್ಳು ಹೇಳ್ಬೇಡ ಮಾರಾಯ್ತಿ," ಎಂದರು ಚೌಡಮ್ಮ. ದನಿಯಲ್ಲಿ ಕೋಪ ಇರಲಿಲ್ಲ. "ಆ ಲೇತು ನಮ್ಮ ಫೌಂಡ್ರಿದು. ಹರಾಜಲ್ಲಿ ಭೀಮೇಶ ತಗೊಂಡ. ಮೂವತ್ತು ವರ್ಷ ನಮ್ಮ ಗೋಡೆ ಆಚೆ ಕಟಕ್ ಕಟಕ್ ಅಂತಿದ್ದಿದ್ದು ಅದೇ. ನಾನು ಮರೀತೀನಾ?"

ಇಂಪನಾ ಲೇತಿನ ಕಡೆ ನೋಡಿದಳು.

"ಅವರು ನಿನ್ನ ಪಕ್ಕದಲ್ಲೇ ಇದಾರಲ್ಲ?"

ಇಂಪನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇರ್ಲಿ. ಅಲ್ಲೇ ಇರೋಕೆ ಹೇಳು. ಕಾಂತರಾಜ್ ಅವರ ಕಾರಲ್ಲಿದೀನಿ. ಹತ್ತು ನಿಮಿಷ." ಆಮೇಲೆ ಫೋನಿನಿಂದ ತುಸು ದೂರಕ್ಕೆ, ಬೇರೆ ಯಾರಿಗೋ: "ಮಾಚೇನಹಳ್ಳಿಗೆ ತಿರುಗಿಸಪ್ಪ."

ಕರೆ ಕಡಿದುಹೋಯಿತು.

ಇಂಪನಾ ಫೋನ್ ಕೆಳಗಿಟ್ಟು, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು. ಒಂದು ಮಾತು ಸೇರಿಸಲಿಲ್ಲ, ಬಿಡಲಿಲ್ಲ.

ಭೀಮೇಶ ಆಗಲೇ ಬೈಕಿನ ಕೀಲಿಗಾಗಿ ಕೈ ಹಾಕಿದ್ದ. "ನಡೀರಿ ಮಾವ. ಹಿಂದಿನ ರೋಡಿಂದ ಹೋದ್ರೆ ಹೈವೇ ಸಿಗುತ್ತೆ. ಸೋಮವಾರದ ತನಕ ನಿಮ್ಮನ್ನ ಇಡೋ ಜಾಗ ಇದೆ ನಮ್ಮ ಹತ್ರ. ಅವರ ಕೈಗೆ ನೀವು ಸಿಕ್ರೆ ಮುಗೀತು, ಇನ್ನು ಲೈನಿಲ್ಲ."

ಭೂತಪ್ಪ ಎದ್ದು ಮೊಳೆಗೆ ಸಿಕ್ಕಿಸಿದ್ದ ಅಂಗಿ ತೆಗೆದುಕೊಂಡರು. ಒಂದು ತೋಳು ಹಾಕಿಕೊಂಡವರು ಹಾಗೆಯೇ ನಿಂತರು.

"ಕಾರಲ್ಲಿ ಅಂದ್ಲಾ?"

"ಹೌದು."

"ಅವಳು ಕಾರು ಹತ್ತಲ್ಲಮ್ಮ," ಎಂದರು ನಿಧಾನವಾಗಿ. "ಹತ್ತಿದ್ರೆ ಎರಡು ನಿಮಿಷಕ್ಕೆ ವಾಂತಿ. ಮಗಳ ಮದುವೆ ದಿನ ಎಲ್ಲರೂ ಕಾರಲ್ಲಿ ಹೋದ್ರೆ ಇವಳೊಬ್ಬಳು ಸಿಟಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಬಂದ್ಲು. ನಲವತ್ತು ವರ್ಷದಲ್ಲಿ ತಾನಾಗಿ ಒಂದು ಸಲಾನೂ ಕಾರು ಹತ್ತಿಲ್ಲ. ಈಗ ಯಾರೋ ಹತ್ತಿಸಿದಾರೆ."

ಭೀಮೇಶ ಲೇತ್ ನಿಲ್ಲಿಸಿದ. ಸದ್ದು ನಿಂತ ಮೇಲೆ ಶೆಡ್ಡು ಇದ್ದದ್ದಕ್ಕಿಂತ ಸಣ್ಣದೆನಿಸಿತು. ಪಕ್ಕದ ಶೆಡ್ಡಿನಿಂದ ಷಣ್ಮುಖಪ್ಪನ ದನಿ, "ಏನಾಯ್ತೋ ಭೀಮೇಶ?" ಎಂದು ಕೇಳಿತು.

"ಮಾವ, ಬೈಕು," ಎಂದ ಭೀಮೇಶ.

ಭೂತಪ್ಪ ಇನ್ನೊಂದು ತೋಳನ್ನೂ ಹಾಕಿಕೊಂಡು, ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೆ ಒಂದೊಂದಾಗಿ ಹಾಕಿ, ಬೈಕಿನ ಕಡೆ ನೋಡದೆ, ಕಾರು ಬರುವ ರಸ್ತೆಯ ಕಡೆ ನಡೆದರು.